ಅಬುಧಾಬಿಯಲ್ಲಿ ನಡುಹಂತದ ಬೆಲರೂಸಿಯನ್

ದುಬೈ, ಪಾಸ್‌ಪೋರ್ಟ್ ಕೌಂಟರು

ಬಂದ ಕಾರಣವೇನು ಎಂದು ಕೇಳಿದಾಗ ಮಗಳ ಮನೆಗೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ವೀಸಾದಲ್ಲಿ ಬರೆದದ್ದೂ ಅದೇ. ಆದರೆ ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವಳು, ಅರ್ಧ ಸಾಲಿಗೆ ಕೈ ನಿಲ್ಲಿಸಿ ಅಭ್ಯಾಸವಿಲ್ಲ. ಮಗಳ ಮನೆಯಲ್ಲಿದ್ದುಕೊಂಡು ಬೆಲರೂಸಿಯನ್ ಭಾಷೆ ಕಲಿಯುವುದಕ್ಕೆ ಎಂದು ನನ್ನ ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದೆ.

ಬಿಳಿ ನಿಲುವಂಗಿಯ ಯುವಕ ಆಗ ತಲೆ ಎತ್ತಿದ. "ಇಲ್ಲಿ? ಅರೇಬಿಕ್ ಅಲ್ಲವಾ?"

"ಅಲ್ಲಪ್ಪ, ಬೆಲರೂಸಿಯನ್."

ಅವನು ಪಕ್ಕದವನಿಗೆ ಏನೋ ಹೇಳಿದ. ಪಕ್ಕದವನು ಕತ್ತು ಚಾಚಿ ನನ್ನನ್ನೂ ನನ್ನ ಕಾಟನ್ ಸೀರೆಯನ್ನೂ ಮೇಲಿಂದ ಕೆಳಗೆ ನೋಡಿದ. ಇನ್ನೇನು ವಾಪಸ್ ಕಳಿಸುತ್ತಾರೆ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದುಕೊಳ್ಳುವಷ್ಟರಲ್ಲಿ ಠಪ್ ಎಂದು ಮುದ್ರೆ ಬಿತ್ತು. "ಯಲ್ಲಾ ಮಾಮಾ, ಚೆನ್ನಾಗಿ ಓದಿ" ಎಂದು ನಕ್ಕು ಪಾಸ್‌ಪೋರ್ಟ್ ಕೊಟ್ಟ. ಯಲ್ಲಾ ಎಂದರೆ ನಡೆಯಿರಿ ಎಂದು, ವಯಸ್ಸಾದ ಹೆಂಗಸರನ್ನು ಇಲ್ಲಿ ಮಾಮಾ ಎನ್ನುತ್ತಾರೆ. ನಮ್ಮ ಕಡೆ ಮಾಮ ಎಂದರೆ ಮೀಸೆ ಇರಬೇಕು. ಆದರೂ ಆ ಊರಲ್ಲಿ ಮೊದಲು ಕೇಳಿದ ಮಾತೇ ಆಶೀರ್ವಾದದ ಹಾಗಿತ್ತಲ್ಲ ಎಂದು ಖುಷಿಯಾಯಿತು.

ಅವನಿಗೆ ಹೇಳದೆ ಉಳಿದ ಅರ್ಧವನ್ನು ನಿಮಗೆ ಹೇಳಬೇಕು. ನನ್ನ ಮಗಳು ವೀಣಾ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದಾಳೆ. ಅವಳು ಮೆಚ್ಚಿದ ಹುಡುಗ ಅಲೆಸ್, ಲಿಫ್ಟ್ ಎಂಜಿನಿಯರು, ಪೋಲೆಂಡಿಗೂ ರಷ್ಯಾಕ್ಕೂ ನಡುವೆ ಇರುವ ಬೆಲರೂಸ್ ದೇಶದವನು. ನನಗೆ ಹುಡುಗ ಒಪ್ಪಿಗೆ. ನಮ್ಮ ಮನೆಯವರು ಹೋಗಿ ಆರು ವರ್ಷವಾಯಿತು, ಒಪ್ಪಬೇಕಾದವಳು ನಾನೊಬ್ಬಳೇ. ಒಪ್ಪದೆ ಉಳಿದವರು ಅವನ ತಾಯಿ ಹಲೀನಾ. ಹಳ್ಳಿ ಶಾಲೆಯಲ್ಲಿ ಬೆಲರೂಸಿಯನ್ ಪಾಠ ಮಾಡಿ ನಿವೃತ್ತರಾದವರು, ಒಬ್ಬನೇ ಮಗ. ಬೇಡ ಎಂದೂ ಅಂದಿರಲಿಲ್ಲ. "ಹುಡುಗಿಯ ತಾಯಿಯ ಹತ್ತಿರ ಮಾತಾಡಬೇಕು. ನಡುವೆ ಯಾರೂ ಇರಕೂಡದು. ಆಮೇಲೆ ಹೇಳುತ್ತೇನೆ" ಎಂದಿದ್ದರು. ವೀಣಾ ಮೊದಲೇ ಹೇಳಿಬಿಟ್ಟಿದ್ದಳು, ಆ ತಾಯಿಯ ಮನಸ್ಸು ಮುರಿದು ತಾನು ತಾಳಿ ಕಟ್ಟಿಸಿಕೊಳ್ಳುವುದಿಲ್ಲ ಎಂದು.

ನಡುವೆ ಯಾರೂ ಇರಕೂಡದು ಎಂಬ ಮಾತು ನನಗೆ ಹಿಡಿಸಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡಿನವಳು ನಾನು. ಆ ಸಾವಿರವನ್ನೂ ಹೇಳುವವನು ನಡುವಿನವನೇ ತಾನೇ?

ಹಲೀನಾ ಅವರಿಗೆ ರಷ್ಯನ್ನೂ ಚೆನ್ನಾಗಿ ಬರುತ್ತದೆ. ಅದನ್ನಾದರೆ ಕಲಿಸುವವರು ಗಲ್ಲಿಗಲ್ಲಿಗೆ ಸಿಗುತ್ತಾರೆ ಎಂದು ವೀಣಾ ಹೇಳಿದ್ದಳು. ಆದರೆ ಅಲೆಸ್ ಒಮ್ಮೆ ಫೋನಿನಲ್ಲಿ, ಅಮ್ಮ ಕಚೇರಿಗಳಲ್ಲಿ ರಷ್ಯನ್ ಆಡುತ್ತಾಳೆ, ಕೋಳಿಗಳನ್ನು ಬೈಯುವುದೂ ಅಳುವುದೂ ಬೆಲರೂಸಿಯನ್‌ನಲ್ಲಿ ಎಂದಿದ್ದ. ಹಾಗಾದರೆ ನನಗೆ ಬೇಕಾದದ್ದು ಅದೇ. ಮೈಸೂರಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಒಂದು ವರ್ಷ ಮೊದಲ ಹಂತ ಮುಗಿಸಿದೆ. ಅಬುಧಾಬಿಯ ವಿಶ್ವವಿದ್ಯಾಲಯವೊಂದರಲ್ಲಿ ಆರು ವಾರದ ನಡುಹಂತದ ತರಗತಿ ಇದೆ ಎಂದು ವೀಣಾಳೇ ಹುಡುಕಿದಳು. ಹಲೀನಾ ಬರುವುದು ಐದನೇ ವಾರ. ನನ್ನ ನಿಜವಾದ ಪರೀಕ್ಷೆ ಅದು.

ಎಲೆಕ್ಟ್ರಾ ಸ್ಟ್ರೀಟ್

ಮಗಳ ಫ್ಲ್ಯಾಟು ಎಲೆಕ್ಟ್ರಾ ಸ್ಟ್ರೀಟಿನಲ್ಲಿ. ಕೆಳಗೆ ಮೊಬೈಲು, ಚಾರ್ಜರು, ಕೀಬೋರ್ಡುಗಳ ಅಂಗಡಿ ಸಾಲು. ಮೊದಲ ಬೆಳಗ್ಗೆ ರಸ್ತೆ ದಾಟಲು ನಿಂತೆ. ಮೈಸೂರಿನಲ್ಲಿ ಕೈ ಅಡ್ಡ ಹಿಡಿದು, ದೇವರ ಮೇಲೆ ಭಾರ ಹಾಕಿ ದಾಟುವ ಅಭ್ಯಾಸ. ಇಲ್ಲಿ ಕಾಲು ಎತ್ತುವ ಮೊದಲೇ ಒಂದು ದೊಡ್ಡ ಕಾರು ನಿಂತೇಬಿಟ್ಟಿತು. ನಾನು ಅವನು ಹೋಗಲಿ ಎಂದು ಕಾದೆ, ಅವನು ನಾನು ಹೋಗಲಿ ಎಂದು ಕಾದ. ಹಿಂದೆ ನಾಲ್ಕು ಕಾರು ನಿಂತವು. ಒಬ್ಬರಾದರೂ ಹಾರನ್ ಮಾಡಬಾರದೇ! ಕೊನೆಗೆ ನಾಚಿಕೊಂಡು ಓಡಿ ದಾಟಿದೆ. ಆರು ವಾರದಲ್ಲಿ ಈ ಮರ್ಯಾದೆ ಎಷ್ಟು ರೂಢಿಯಾಯಿತೆಂದರೆ, ಮೈಸೂರಿಗೆ ಮರಳಿದ ದಿನ ಅಗ್ರಹಾರದ ಸರ್ಕಲ್ಲಿನಲ್ಲಿ ಒಬ್ಬ ಆಟೋದವನ ಹತ್ತಿರ ಸರಿಯಾಗಿ ಬೈಸಿಕೊಂಡೆ.

ಅಂಗಡಿಯಲ್ಲಿ ಕೀಬೋರ್ಡಿಗೆ ಅಂಟಿಸುವ ಬೆಲರೂಸಿಯನ್ ಅಕ್ಷರದ ಸ್ಟಿಕರ್ ಕೇಳಿದರೆ ರಷ್ಯನ್ನಿನದು ಕೊಟ್ಟರು. "ಸೇಮ್ ಸೇಮ್" ಎಂದರು. ಸೇಮ್ ಅಲ್ಲ. ಬೆಲರೂಸಿಯನ್‌ನಲ್ಲಿ 'ў' ಎಂಬ ಅಕ್ಷರವಿದೆ, 'ಉ' ತಲೆ ಮೇಲೆ ಬಟ್ಟಲಿಟ್ಟ ಹಾಗೆ. ಪೂರ್ತಿ ಸ್ವರವೂ ಅಲ್ಲ, ಪೂರ್ತಿ ವ್ಯಂಜನವೂ ಅಲ್ಲ. ನಾವು 'ಅವ್ವ' ಎನ್ನುವಾಗ ನಡುವೆ ತುಟಿ ಸುಮ್ಮನೆ ಸೋಕುತ್ತದಲ್ಲ, ಅಂಥದ್ದು. ಅದು ಇಂಗ್ಲಿಷ್ 'ಒ' ಇರುವ ಕೀಲಿಯಲ್ಲಿ, ಬಲಗೈ ಉಂಗುರದ ಬೆರಳಿಗೆ ಬರಬೇಕು. ಮಗಳ ನೇಲ್ ಪಾಲಿಷ್ ತಂದು ನಾನೇ ಆ ಕೀಲಿಯ ಮೇಲೆ ಬಟ್ಟಲು ಬರೆದೆ.

ತರಗತಿ

ವಿಶ್ವವಿದ್ಯಾಲಯದ ಒಳಗೆ ಎ.ಸಿ. ಎಂದರೆ ಎ.ಸಿ. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದು ಕೂತರೂ ಹಲ್ಲು ಕಟಕಟ. ಹೀಗಾಗಿ ನಾನು ಅಲ್ಲಿ ಆಡಿದ ಮೊದಲ ವಾಕ್ಯವೇ "ಮ್ನ್ಯೆ ಹೋಲದ್ನ". ಪದಕ್ಕೆ ಪದ ಇಟ್ಟರೆ, ನನಗೆ ಚಳಿ.

ಮೇಡಂ ಹೆಸರು ವೋಲ್ಹಾ. ಕಡ್ಡಿಯಂತೆ ತೆಳ್ಳಗೆ, ಕೈಯಲ್ಲಿ ಸದಾ ಹಸಿರು ಪೆನ್ನು. ನನ್ನ ವಾಕ್ಯ ಕೇಳಿ ನಿಂತುಬಿಟ್ಟರು. ಇಂಗ್ಲಿಷ್ ಮನೆಮಾತಿನವರು ಈ ವಾಕ್ಯಕ್ಕೆ ತಿಂಗಳುಗಟ್ಟಲೆ ತಿಣುಕುತ್ತಾರಂತೆ, 'ನಾನು ಚಳಿ ಆಗಿದ್ದೇನೆ' ಎನ್ನುತ್ತಾರಂತೆ. ನನಗೆ ಅದರಲ್ಲೇನು ಕಷ್ಟ? ನನಗೆ ಚಳಿ, ನನಗೆ ಹಸಿವು, ನನಗೆ ಬೇಜಾರು. ನಮ್ಮ ಚತುರ್ಥಿ ವಿಭಕ್ತಿ ಅಲ್ಲಿಯೂ ಹೊದಿಕೆ ಹೊದ್ದುಕೊಂಡು ಕೂತಿದೆ. 'ಇದು ಮನೆ' ಎನ್ನಲು ಅವರಿಗೂ 'ಇದೆ' ಬೇಡ. 'ನನ್ನ ಹತ್ತಿರ ಪುಸ್ತಕ ಇದೆ' ಎನ್ನುವುದೂ ನಮ್ಮ ಹಾಗೆಯೇ. ಗೊತ್ತಿಲ್ಲ ಎನ್ನಲು 'ನ್ಯೆ ವೇದಯು' ಎನ್ನುತ್ತಾರೆ. ಗೊತ್ತಿಲ್ಲ ಎನ್ನುವುದಕ್ಕೂ ವೇದ ಬೇಕಾದ ಭಾಷೆಗೆ ನಾನು ಅಂದೇ ಸೋತೆ.

ಸೊಕ್ಕು ಇಳಿದದ್ದು ಎರಡನೇ ವಾರ. ಅವರ ಪ್ರತಿ ಕ್ರಿಯಾಪದವೂ ಜೋಡಿಯಾಗಿ ಬರುತ್ತದೆ, ಮುಗಿಯದ ಕೆಲಸಕ್ಕೊಂದು, ಮುಗಿದ ಕೆಲಸಕ್ಕೊಂದು. ನಡುಹಂತ ಎಂದರೆ ಈ ಜೋಡಿಗಳ ಕಾಡು. ನಾನು ಒಂದನ್ನು ಕರೆದರೆ ಇನ್ನೊಂದು ಓಡಿ ಬರುತ್ತಿತ್ತು. ನಾಲ್ಕು ದಿನ ಒದ್ದಾಡಿದ ಮೇಲೆ ಹೊಳೆಯಿತು, ನಾವು 'ತಿಂದೆ' ಎನ್ನುವುದಕ್ಕೂ 'ತಿಂದುಬಿಟ್ಟೆ' ಎನ್ನುವುದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ ಅಲ್ಲವೇ? ಇದನ್ನು ವೋಲ್ಹಾ ಮೇಡಂಗೆ ವಿವರಿಸಿದಾಗ ಅವರು ತಮ್ಮ ನೋಟ್‌ಪುಸ್ತಕ ತೆಗೆದು 'ಬಿಡು' ಎಂದು ಬರೆದುಕೊಂಡರು. ಕಲಿಸಲು ಬಂದವರು ಕಲಿಯಲು ಕೂರುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೂವತ್ತು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯಿಂದಲೂ ನಾನು ಒಂದು ಪದ ಬರೆದುಕೊಂಡಿರಲಿಲ್ಲ ಎಂದು ನೆನಪಾಗಿ ನಾಚಿಕೆಯಾಯಿತು.

ತರಗತಿಯಲ್ಲಿ ನಾವು ಐದು ಜನ. ಪಕ್ಕದ ಕುರ್ಚಿ ಬಂಟ್ವಾಳದ ರಜಾಕ್ ಅವರದು, ಐವತ್ತರ ಆಸುಪಾಸು, ಹಾಲಿನ ಪುಡಿ ಆಮದು ಮಾಡುವ ಕಂಪೆನಿಯಲ್ಲಿ ಕೆಲಸ. ಅವರು ಇಲ್ಲಿಗೆ ಬಂದದ್ದೇ ತಪ್ಪಿನಿಂದ.

"ಬಾಸ್ ಹೇಳಿದ್ದು ರಷ್ಯನ್ ಕಲೀಲಿಕ್ಕೆ ಅಕ್ಕಾ" ಎಂದರು. "ನಾನು ಹೋದ ವರ್ಷ ಫಾರ್ಮಲ್ಲಿ ನೋಡಿದೆ, ರಷ್ಯನ್ ಉಂಟು, ಬೆಲರಷ್ಯನ್ ಉಂಟು. ಬೆಲ ಅಂದ್ರೆ ಸ್ವಲ್ಪ ಒಳ್ಳೆ ಕ್ವಾಲಿಟಿ ಇರ್ಬೇಕು ಅಂತ ಅದಕ್ಕೇ ಟಿಕ್ ಹಾಕಿದ್ದು ಮಾರಾಯ್ರೆ!"

"ಗೊತ್ತಾದ ಮೇಲೆ ಬದಲಾಯಿಸ್ಬೋದಿತ್ತಲ್ಲ?"

"ಹಾಲಿನ ಪುಡಿ ಬರುವುದು ಅಲ್ಲಿಂದಲೇ ಅಲ್ವಾ. ಒಂದಿನ ಅಲ್ಲಿಯ ಫ್ಯಾಕ್ಟರಿಯವನಿಗೆ ಫೋನಲ್ಲಿ ಅವನದೇ ಭಾಷೆಯಲ್ಲಿ 'ಜ್ಯಾಕುಯ್' ಹೇಳಿದೆ, ಥ್ಯಾಂಕ್ಸ್ ಅಂತ. ಅವ ಕೂಡ್ಲೇ ಅವನ ಅಜ್ಜಿಯ ಕಥೆ ಎಲ್ಲ ಹೇಳಿದ. ಇನ್ನು ಬಿಡ್ಲಿಕ್ಕೆ ಮನಸ್ಸು ಬರುವುದಿಲ್ಲ."

ಗಂಟಲಿನಿಂದ ಬರುವ ಬೆಲರೂಸಿಯನ್ 'ಗ'ಕಾರ ನನ್ನ ಬಾಯಲ್ಲಿ ಗೊರಕೆಯಾಗುತ್ತಿತ್ತು. ಚಿಕ್ಕಂದಿನಲ್ಲಿ ಮದರಸಾದಲ್ಲಿ ಅರೇಬಿಕ್ ಓದಿದ ರಜಾಕ್ ಅದನ್ನು ಬೆಣ್ಣೆಯಂತೆ ಉಚ್ಚರಿಸುತ್ತಿದ್ದರು. ವಿಭಕ್ತಿ ನಾನು ಹೇಳಿಕೊಡುವುದು, ಉಚ್ಚಾರ ಅವರು ಹೇಳಿಕೊಡುವುದು ಎಂದು ನಮ್ಮಲ್ಲಿ ಒಪ್ಪಂದವಾಯಿತು.

ದುಬೈ, ಆಲೂಗಡ್ಡೆ ದೋಸೆ

ನಾಲ್ಕನೇ ವಾರ ವೋಲ್ಹಾ ಮೇಡಂ ನಮ್ಮನ್ನು ದುಬೈಗೆ ಕರೆದುಕೊಂಡು ಹೋದರು. ಗಗನಚುಂಬಿ ತೋರಿಸಲಿಕ್ಕಲ್ಲ. ಒಂದು ಗಲ್ಲಿಯಲ್ಲಿ ಬೆಲರೂಸಿನವರ ಪುಟ್ಟ ಹೋಟೆಲಿದೆ, ಅಲ್ಲಿ ಹೊಟ್ಟೆ ತುಂಬುವ ತನಕ ಬೇರೆ ಭಾಷೆ ಆಡಕೂಡದು ಎಂಬುದು ಆ ದಿನದ ಪಾಠ.

ಬಡಿಸಲು ಬಂದ ಹುಡುಗಿಗೆ ನಾವು ಬೆಲರೂಸಿಯನ್‌ನಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಮತ್ತೆ ಕೇಳಿದೆವು, ರಷ್ಯನ್‌ನಲ್ಲಿ ಕೊಟ್ಟಳು. ಬೆಂಗಳೂರಿನ ಹೋಟೆಲಿನಲ್ಲಿ ಕನ್ನಡದಲ್ಲಿ ದೋಸೆ ಕೇಳಿ ಹಿಂದಿಯಲ್ಲಿ ಉತ್ತರ ಪಡೆದ ನನಗೆ ಇದೆಲ್ಲ ಹೊಸದೇನಲ್ಲ. ಹಟ ಹಿಡಿದು "ಬ್ಯೆಜ್ ಮ್ಯಾಸ" ಎಂದೆ, ಮಾಂಸ ಬೇಡ ಎಂದು. ತಟ್ಟೆ ಬಂತು. ಆಲೂಗಡ್ಡೆ ತುರಿದು ಮಾಡಿದ, ನಮ್ಮ ಅಡೈಗೆ ತಂಗಿಯಾಗಬಹುದಾದ ಕೆಂಪನೆಯ ದೋಸೆ. ಮುರಿದರೆ ಒಳಗೆ ಏನೋ ಇದೆ.

"ಇದು ಮಾಂಸವಲ್ಲವೇ?" ಎಂದು ಕೇಳಿದೆ.

"ಮಾಂಸವಲ್ಲ, ಕೋಳಿ" ಎಂದಳು ಹುಡುಗಿ, ಈ ಸಲ ಶುದ್ಧ ಬೆಲರೂಸಿಯನ್‌ನಲ್ಲಿ!

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನನ್ನ ತಟ್ಟೆ ರಜಾಕ್ ಅವರ ಕಡೆ ಸರಿಯಿತು, ನನಗೆ ಬರೀ ಆಲೂಗಡ್ಡೆಯದು ಬಂತು, ಮೇಲೆ ಗಟ್ಟಿ ಹುಳಿಕೆನೆ. ಎಷ್ಟು ರುಚಿ ಎಂದರೆ ಮೂರನೆಯದಕ್ಕೆ ಭಾಷೆಯೇ ಬೇಕಾಗಲಿಲ್ಲ, ಬೆರಳು ತೋರಿಸಿದೆ. ಆ ಹುಡುಗಿ ಆಮೇಲೆ ನಮ್ಮ ಮೇಜು ಬಿಡಲೇ ಇಲ್ಲ. ಅಜ್ಜಿ ತೀರಿಕೊಂಡ ಮೇಲೆ ಈ ಭಾಷೆಯಲ್ಲಿ ಯಾರ ಜೊತೆಗೂ ಇಷ್ಟು ಹೊತ್ತು ಮಾತಾಡಿರಲಿಲ್ಲ ಎಂದಳು. ಬಂಟ್ವಾಳದವರು, ಮೈಸೂರಿನವರು, ಅಜ್ಜಿಯ ಮಾತು ಮರೆತ ಹುಡುಗಿ, ಎಲ್ಲರೂ ಒಂದು ಮೇಜಿನ ಸುತ್ತ ಕೂಡಲು ದುಬೈಯಂಥ ಊರೇ ಬೇಕು. ಯಾರೂ ಅಲ್ಲಿಯವರಲ್ಲ, ಅದಕ್ಕೇ ಯಾರಿಗೂ ಯಾರನ್ನು ಕಂಡರೂ ವಿಚಿತ್ರವಿಲ್ಲ.

ಖಲೀಫಾ ಸಿಟಿ

ಹಲೀನಾ ಬಂದರು. ಅಲೆಸ್ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಾನೆ. ಶನಿವಾರ ಬೆಳಗ್ಗೆ ಹತ್ತಕ್ಕೆ ನಾನೊಬ್ಬಳೇ ಹೋಗುವುದೆಂದಾಯಿತು. ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರಿಗೆ, ಗಂಡಸರು ಅತ್ತ ಕಣ್ಣೂ ಹಾಯಿಸುವುದಿಲ್ಲ. ಕೂತು ದಾರಿಯುದ್ದಕ್ಕೂ ವಾಕ್ಯಗಳನ್ನು ಮಣಮಣ ಹೇಳಿಕೊಂಡೆ. ಪಕ್ಕದ ಫಿಲಿಪೀನೋ ಹುಡುಗಿ ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ಹಾಡು ಕೇಳುವುದನ್ನು ನಿಲ್ಲಿಸಿದಳು. ಪ್ರಾರ್ಥನೆಯೇ ಅನ್ನಿ.

ಬಾಗಿಲು ತೆಗೆದವರು ನನಗಿಂತ ಒಂದು ಗೇಣು ಎತ್ತರ, ಹೆಣೆದ ಬೆಳ್ಳನೆಯ ಜಡೆ. ಒಳಗೆ ನಾವಿಬ್ಬರೇ, ಅಲೆಸ್ ಬೇಕೆಂದೇ ಹೊರಗೆ ಹೋಗಿದ್ದ. ನಾನು ಕೋಡುಬಳೆ ಡಬ್ಬಿ ಮುಂದಿಟ್ಟೆ. "ಅಬರಾಂಕಿ!" ಎಂದು ಅವರ ಮುಖ ಅರಳಿತು. ಅವರ ಊರಲ್ಲಿ ಬಳೆಯಾಕಾರದ ಒಣ ರೊಟ್ಟಿ ಸಿಗುತ್ತದಂತೆ, ಸಿಹಿಯದು. ಇದು ಖಾರ ಎಂದು ನಾನು ಹೇಳುವಷ್ಟರಲ್ಲಿ ಕಚ್ಚಿಯೇಬಿಟ್ಟರು. ಬ್ಯಾಡಗಿ ಮೆಣಸಿನಕಾಯಿಯ ಖಾರ ನೆತ್ತಿಗೇರಿ ಕಣ್ಣಲ್ಲಿ ಬಳಬಳ ನೀರು. ನಾನು ನೀರು ಕೊಟ್ಟೆ, ಬೆನ್ನು ತಟ್ಟಿದೆ. ಕೆಮ್ಮಿ ಮುಗಿಸಿ ಇನ್ನೊಂದು ತೆಗೆದುಕೊಂಡರು. ಗಟ್ಟಿ ಹೆಂಗಸು ಎಂದುಕೊಂಡೆ.

ಒಂದು ಗಂಟೆ ಚೆನ್ನಾಗಿ ನಡೆಯಿತು. ಹಲೀನಾ ನಿಧಾನವಾಗಿ ಮಾತಾಡುತ್ತಿದ್ದರು, ನನ್ನ ತಪ್ಪು ಕೇಳಿದರೆ ಹುಬ್ಬು ಮಾತ್ರ ಏರಿಸುತ್ತಿದ್ದರು. ವೀಣಾ ಚಿಕ್ಕವಳಿದ್ದಾಗ ಹೇಗಿದ್ದಳು, ಅಲೆಸ್ ಯಾವಾಗ ಕಾಲು ಮುರಿದುಕೊಂಡ, ಎಲ್ಲ ಆಯಿತು. ಆಮೇಲೆ ಹಲೀನಾ ಕಪ್ಪು ಕೆಳಗಿಟ್ಟು ಕೇಳಿದರು. "ಇವರಿಗೆ ಮಕ್ಕಳಾದರೆ, ಆ ಮಕ್ಕಳು ಯಾವ ಭಾಷೆಯಲ್ಲಿ ಅಳುತ್ತವೆ? ನನ್ನ ಹತ್ತಿರ ಬಂದರೆ ಯಾವ ಮಾತಲ್ಲಿ ಮಾತಾಡುತ್ತವೆ? ಬರುತ್ತವೆಯೇ?"

ಇಂಥ ಪ್ರಶ್ನೆ ಬಂದೀತೆಂದು 'ನಾನು ಮಾತು ಕೊಡುತ್ತೇನೆ' ಎಂಬ ವಾಕ್ಯವನ್ನು ತಪ್ಪಿಲ್ಲದೆ ಸಿದ್ಧ ಮಾಡಿಕೊಂಡಿದ್ದೆ. ಮಗಳ ಬದುಕು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಎಲೆಕ್ಟ್ರಾ ಸ್ಟ್ರೀಟಿನ ಲಿಫ್ಟಿನಲ್ಲಿ ದಿನಾ ನೋಡುತ್ತಿದ್ದೆನಲ್ಲ, ತಾಯಿ ಕನ್ನಡದಲ್ಲಿ ಕೇಳಿದರೆ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು. ಯಾವ ಬಾಯಲ್ಲಿ ಮಾತು ಕೊಡಲಿ?

"ನ್ಯೆ ವೇದಯು" ಎಂದೆ. ಗೊತ್ತಿಲ್ಲ.

ಹಲೀನಾ ಕಿಟಕಿಯ ಕಡೆ ನೋಡುತ್ತ ಕೂತರು. ಮೇಜಿನ ಬಟ್ಟೆಯ ಸುಕ್ಕು ಸರಿಮಾಡಿದರು. ಕೆಡಿಸಿಬಿಟ್ಟೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು, ಹೊರಡುವಾಗ ಏನು ಹೇಳಬೇಕೆಂಬುದೂ ತೋಚದೆ, ಬಾಯಿಗೆ ಬಂದ ಒಂದು ವಾಕ್ಯ ಹೇಳಿ ಹೊರಟುಬಂದೆ.

ಮತ್ತೆ ಖಲೀಫಾ ಸಿಟಿ

ಮನೆ ತಲುಪಿ ಚಪ್ಪಲಿ ಬಿಡುತ್ತಿದ್ದೆ. ಅಲೆಸ್ ಫೋನು. "ಆಂಟಿ, ಎಲ್ಲಿದೀರಿ? ಅಮ್ಮ ಕಾಯ್ತಾ ಇದಾಳೆ. ಎರಡು ಸಲ ಚಹಾ ಬಿಸಿ ಮಾಡಿದ್ದಾಳೆ. ನೀವು ಏನೋ ತರೋಕೆ ಹೋದ್ರಿ ಅಂತಾಳೆ."

"ನಾನೆಲ್ಲಿ ಹಾಗಂದೆ?"

"'ಯಾ ಪಯ್ದೂ ಇ ಪ್ರಿಯ್ದೂ' ಅಂದ್ರಂತಲ್ಲ."

ಹಣೆ ಚಚ್ಚಿಕೊಂಡೆ. ಹೋಗಿ ಬರ್ತೀನಿ! ಆ ಗಾಬರಿಯಲ್ಲಿ ಹೋಗಿ ಬರ್ತೀನಿ ಎಂಬುದನ್ನೇ ಪದಕ್ಕೆ ಪದ ಇಟ್ಟು, ಅದೂ ಮುಗಿದ ಕೆಲಸದ ಕ್ರಿಯಾಪದ ಎರಡನ್ನೂ ಸರಿಯಾಗಿ ಆರಿಸಿ ಹೇಳಿಬಂದಿದ್ದೆ. ಅವರಿಗೆ ಅದು ಇಷ್ಟೇ: ಈಗ ಹೋಗಿ, ಈಗಲೇ ಬಂದುಬಿಡುತ್ತೇನೆ. ಪಾಪ, ಆ ತಾಯಿ ಎರಡು ಗಂಟೆ ಕಾದಿದ್ದಾರೆ. ಟ್ಯಾಕ್ಸಿ ಹಿಡಿದು ಓಡಿದೆ.

ಮೇಜಿನ ಮೇಲೆ ಎರಡು ಕಪ್ಪು ಹಾಗೇ ಇದ್ದವು. ಕ್ಷಮೆ ಕೇಳಿ, ಏದುಸಿರು ಬಿಡುತ್ತ ವಿವರಿಸಿದೆ. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಎನ್ನಬಾರದು. ಅಂದರೆ ಹಿರಿಯರು ಗದರುತ್ತಾರೆ. ಹೋಗಿಯೇಬಿಡುವವರು ಸತ್ತವರು ಮಾತ್ರ. ಬದುಕಿರುವವರು ಅಂಗಡಿಗೆ ಹೋದರೂ, ಅಮೆರಿಕಕ್ಕೆ ಹೋದರೂ, ಹೋಗಿ ಬರ್ತೀನಿ ಎನ್ನಬೇಕು. ಯಾವಾಗ ಎಂದು ಹೇಳಬೇಕಾಗಿಲ್ಲ.

ನನ್ನ ವಾಕ್ಯಗಳಲ್ಲಿ ಎಷ್ಟು ವಿಭಕ್ತಿ ಕಾಲು ಮುರಿದುಕೊಂಡವೋ. ಹಲೀನಾ ಅವರ ಹುಬ್ಬು ಒಮ್ಮೆಯೂ ಏರಲಿಲ್ಲ.

ಅಷ್ಟರಲ್ಲಿ ಯಾವುದೋ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆಯೆಂದು ಅಲೆಸ್‌ಗೆ ಕರೆ ಬಂತು. ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತು "ನು, ಯಾ ಪಯೇಹವ್" ಎಂದ.

"ಕೇಳಿದಿರಾ?" ಎಂದರು ಹಲೀನಾ. "ನಾವು ಹೀಗೆ ಹೇಳುತ್ತೇವೆ. ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾನೆ, ಆಗಲೇ 'ನಾನು ಹೋದೆ' ಎನ್ನುತ್ತಾನೆ. ಮುಗಿದ ಕೆಲಸ. ಮೊದಲ ಸಲ ಈ ದೇಶಕ್ಕೆ ಹೊರಟಾಗಲೂ ಇದನ್ನೇ ಹೇಳಿದ. ನಾನು ನಲವತ್ತು ವರ್ಷ ಮಕ್ಕಳಿಗೆ ಈ ಕ್ರಿಯಾಪದ ಕಲಿಸಿದವಳು. ಆ ದಿನ ಒಬ್ಬಳೇ ಬಸ್ಸಿನಲ್ಲಿ ಊರಿಗೆ ಹೋಗುವಾಗ ಅದರ ಅರ್ಥ ತಿಳಿಯಿತು."

ನನ್ನ ಕಣ್ಣು ತುಂಬಿತು. ಹಲೀನಾ ಮಗನ ಕಡೆ ತಿರುಗಿ, ಶಾಲೆಯ ದನಿಯಲ್ಲಿ, "ಅಲೆಸ್, ಒಳಗೆ ಬಾ. ಈ ಅಮ್ಮ ಹೇಳಿದ ಹಾಗೆ ಹೇಳಿ ಹೋಗು" ಎಂದರು. ಆರಡಿ ಹುಡುಗ ಕೈಕಟ್ಟಿ ನಿಂತು "ಪಯ್ದೂ ಇ ಪ್ರಿಯ್ದೂ" ಎಂದ. "ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಹೇಳಿ, ಕೆಂಪಾಗಿ, ಮೆಟ್ಟಿಲಿಳಿದ.

"ಬೆಳಗ್ಗೆ ನೀವು ಮಾತು ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ" ಎಂದರು ಹಲೀನಾ. "ಗೊತ್ತಿಲ್ಲ ಎಂದಿರಿ. ಆಮೇಲೆ, ಬರುತ್ತೇನೆಂದು ಹೇಳಿದಿರಿ, ಬಂದಿರಿ." ಹೊಸದಾಗಿ ಚಹಾ ಸುರಿದು ನನ್ನ ಕಡೆ ತಳ್ಳಿದರು. "ಕುಡಿಯಿರಿ, ಸ್ವಾತ್ಸ್ಯ."

ಆ ಪದ ನನಗೆ ಗೊತ್ತಿರಲಿಲ್ಲ. ನಡುಹಂತದ ಯಾವ ಪಾಠದಲ್ಲೂ ಬಂದಿರಲಿಲ್ಲ. ಇನ್ನೊಮ್ಮೆ ಹೇಳಿ ಎಂದೆ. ಅವರು ಪೆನ್ಸಿಲ್ ತೆಗೆದುಕೊಂಡು, ಕೋಡುಬಳೆ ಸುತ್ತಿದ್ದ ಕಾಗದದ ಮೇಲೆ ಕೈ ಹಿಡಿದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಬರೆದರು. ಹುಡುಗನ ಹಿಂದೆ ಜಡೆಯ ಒಬ್ಬ ಹೆಂಗಸು, ಹುಡುಗಿಯ ಹಿಂದೆ ಸೆರಗಿನ ಒಬ್ಬ ಹೆಂಗಸು. ಆ ಇಬ್ಬರು ಹೆಂಗಸರ ನಡುವೆ ಒಂದು ಗೆರೆ ಎಳೆದು, ಗೆರೆಯ ಮೇಲೆ ಆ ಪದ ಬರೆದರು.

ಬೀಗಿತ್ತಿ! ಇಂಗ್ಲಿಷಿನಲ್ಲಿ ಇದಕ್ಕೊಂದು ಪದವಿಲ್ಲ. ನಾನು ಅದೇ ಗೆರೆಯ ಕೆಳಗೆ ಕನ್ನಡದಲ್ಲಿ ಬರೆದೆ. ಒತ್ತು ಸ್ವಲ್ಪ ವಾಲಿತು.

ಅಷ್ಟರಲ್ಲಿ ವೀಣಾಳ ಫೋನು. "ಅಮ್ಮಾ, ಏನಾಯ್ತು? ಯಾಕೆ ವಾಪಸ್ ಓಡಿದೆ? ಏನಾದ್ರೂ ಹೆಚ್ಚುಕಮ್ಮಿ ಮಾತಾಡಿದ್ಯಾ? ಹೇಳಮ್ಮ, ನನ್ ಕೈ ಕಾಲು ಆಡ್ತಿಲ್ಲ."

"ಫೋನಿಡೇ, ಆಮೇಲೆ ಮಾತಾಡ್ತೀನಿ" ಎಂದೆ. "ಚಹಾ ಆರಿದ್ರೆ ನಿಮ್ಮತ್ತೆ ಬೈತಾರೆ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಯಾರು ಬೈತಾರೆ ಅಂದೆ?" ಎಂದಳು.

ಇನ್ನೊಮ್ಮೆ ಹೇಳಿದೆ.